ಅಂದಾನೆಪ್ಪ ಸಾಹುಕಾರರ ಮೂರನೆಯ ಲೆನ್ಸು

ಪಾಸ್‌ಪೋರ್ಟ್ ಫೋಟೋ ಕತ್ತರಿಸುವಾಗ ಮಹಾನಂದಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂದು ಹಾಳೆಯಲ್ಲಿ ಎಂಟು ಮುಖ, ಎಂಟೂ ಒಬ್ಬರದೇ. ಮುಖ ನೋಡುತ್ತ ಕೂತರೆ ಕತ್ತರಿ ದಾರಿ ತಪ್ಪುತ್ತದೆ, ಯಾರದೋ ಕಿವಿ ಹೋಗುತ್ತದೆ. ಹಾಗಾಗಿ ಅವಳ ಕಣ್ಣು ಬಿಳಿ ಅಂಚಿನ ಮೇಲೆ ಮಾತ್ರ. ಅವತ್ತು ಮಧ್ಯಾಹ್ನ ಅವಳು ಒಬ್ಬ ಹುಡುಗಿಯ ಐದನೆಯ ಮುಖದವರೆಗೆ ಬಂದಿದ್ದಳು, ಅಂಗಡಿಯ ಮುಂದೆ ಕಾರು ನಿಂತ ಸಪ್ಪಳವಾಯಿತು.

ನೋಡಿ, ಪ್ರವಚನದಲ್ಲಿ ದೃಷ್ಟಾಂತ ಅಂದಮೇಲೆ ಮೊದಲು ಒಬ್ಬ ಶ್ರೀಮಂತ ಬರಲೇಬೇಕು ಅಂತ ನೀವೆಲ್ಲ ಕಾದು ಕೂತಿದ್ದೀರಿ. ಬರುತ್ತಾನೆ, ಬರುತ್ತಾನೆ. ಆ ಕಾರಿನಿಂದ ಇಳಿಯುತ್ತಿರುವವನೇ ಅವನು. ಆದರೆ ಅವನು ಇಳಿದು, ಧೋತರದ ಚುಂಗು ಸರಿಮಾಡಿಕೊಂಡು ಒಳಗೆ ಬರುವಷ್ಟರಲ್ಲಿ ಈ ತಾಯಿಯ ಪರಿಚಯ ಮಾಡಿಕೊಂಡುಬಿಡೋಣ. ಶ್ರೀಮಂತರಿಗೆ ಕಾಯುವ ಅಭ್ಯಾಸ ಕಡಿಮೆ. ಇವತ್ತು ಒಂದಿಷ್ಟು ಕಾಯಲಿ.

ಗದಗ ಸೀಮೆಯಲ್ಲಿ ಮೆಣಸಿನಕಾಯಿ ವ್ಯಾಪಾರದ ಒಂದು ಪೇಟೆ. ಆ ಪೇಟೆಯಲ್ಲಿ ಗುರುಪಾದನ ಫೋಟೋ ಸ್ಟುಡಿಯೋ. ಗುರುಪಾದನ ಹೆಂಡತಿ ಈ ಮಹಾನಂದಾ. ಕ್ಯಾಮೆರಾ ಹಿಡಿದು ಫೋಟೋ ತೆಗೆಯುವವನು ಅವನು. ಉಳಿದದ್ದು? ಉಳಿದದ್ದೆಲ್ಲ ಅವಳದು. ಪ್ರಿಂಟರಿಗೆ ಕಾಗದ ಹಾಕುವುದು, ಬಣ್ಣ ನೆಟ್ಟಗೆ ಬಂತೋ ಇಲ್ಲವೋ ನೋಡುವುದು, ಕತ್ತರಿಸುವುದು, ರಟ್ಟಿಗೆ ಅಂಟಿಸುವುದು, ಗಾಜು ಒರೆಸಿ ಕಟ್ಟು ಹಾಕುವುದು. ಎರಡು ಅಡಿ ಅಗಲದ ಕಾಗದ ನುಂಗುವಂಥ ಆ ಪ್ರಿಂಟರು ಅವಳಿಗೆ ಮನೆಯ ಆಕಳಿದ್ದ ಹಾಗೆ. ಅದು ಯಾವಾಗ ಕೆಮ್ಮುತ್ತದೆ, ಯಾವಾಗ ಮುನಿಸಿಕೊಳ್ಳುತ್ತದೆ, ಎಷ್ಟು ಹೊತ್ತು ಅದರ ಪಾಡಿಗೆ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ, ಎಲ್ಲ ಗೊತ್ತು. ಅದರ ಮುಂದಿನ ಸ್ಟೂಲು ಅವಳ ಜಾಗ. ಇಡೀ ಊರಿನಲ್ಲಿ, ಅಡುಗೆಮನೆ ಬಿಟ್ಟರೆ, ಇದು ನನ್ನದು ಎಂದು ಅವಳು ಕೂರಬಹುದಾದ ಜಾಗ ಅದೊಂದೇ.

ಇನ್ನೊಂದು ಕೆಲಸವೂ ಅವಳ ಪಾಲಿಗೆ ಬಂದಿತ್ತು. ಪಿಂಚಣಿ ಅರ್ಜಿಗೆ ಫೋಟೋ ಬೇಕು, ನಮ್ಮ ಆಯಿಗೆ ಎದ್ದು ಬರಲು ಆಗುವುದಿಲ್ಲ ಎಂದು ಯಾರಾದರೂ ಕರೆದರೆ ಗುರುಪಾದ ಇವಳನ್ನು ಕಳಿಸುತ್ತಿದ್ದ. ಅದಕ್ಕೆಂದು ಒಂದು ಸಣ್ಣ ಕ್ಯಾಮೆರಾ. ಸಾಬೂನಿನ ಡಬ್ಬಿಯಷ್ಟು. ಹಳೆಯದಾಗಿ ಮೂಲೆ ಸೇರಿದ್ದು. ಬ್ಯಾಟರಿಯ ಮುಚ್ಚಳ ನಿಲ್ಲುತ್ತಿರಲಿಲ್ಲ, ಅದಕ್ಕೊಂದು ರಬ್ಬರ್ ಬ್ಯಾಂಡು. ಗುರುಪಾದ ಅದನ್ನು ಆಟಿಕೆ ಸಾಮಾನು ಅನ್ನುತ್ತಿದ್ದ. ಅವಳೂ ಹಾಗೇ ಅನ್ನುತ್ತಿದ್ದಳು. ತಾನು ಫೋಟೋ ತೆಗೆಯುತ್ತೇನೆ ಎಂದು ಅವಳು ಎಂದೂ ಹೇಳಿದವಳಲ್ಲ. “ಪಿಂಚಣಿ ಫೋಟೋ ಹೊಡಕೊಂಡು ಬಂದೆ” ಅನ್ನುತ್ತಿದ್ದಳು, ಮುಗಿಯಿತು.

ಈಗ ಬಂದರು ನೋಡಿ ಅಂದಾನೆಪ್ಪ ಸಾಹುಕಾರರು. ಮೆಣಸಿನಕಾಯಿಯನ್ನು ಲಾರಿಗಟ್ಟಲೆ ಮಾರುವವರು. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡಬೇಕು. ಶ್ರೀಮಂತ ಅಂದ ಕೂಡಲೇ ಅವನ ಮೇಲೆ ಹಲ್ಲು ಕಡಿಯಬೇಡಿ. ಅವರಿಗೆ ಇದ್ದದ್ದು ಒಂದೇ ಆಸೆ. ಹೊಸ ಮನೆಯ ಪಡಸಾಲೆಯಲ್ಲಿ ತಂದೆಯ ದೊಡ್ಡ ಫೋಟೋ ತೂಗುಹಾಕಿದ್ದರು. ಎದುರಿನ ಗೋಡೆ ಖಾಲಿ. ಅಲ್ಲಿ ತಾಯಿಯ ಫೋಟೋ ಬರಬೇಕು. ತಾಯಿ ನೀಲಗಂಗವ್ವನಿಗೆ ಎಂಬತ್ತಾರು. ಬದುಕಿರುವಾಗಲೇ ಆಗಬೇಕು, ನಗುತ್ತಿರುವಂಥದ್ದೇ ಆಗಬೇಕು. ಇದು ತಪ್ಪೇ? ತಪ್ಪಲ್ಲ. ಇಷ್ಟು ಒಳ್ಳೆಯ ಆಸೆ ಎಷ್ಟು ಜನ ಮಕ್ಕಳಿಗೆ ಇದೆ?

ಅದಕ್ಕಾಗಿ ಸಾಹುಕಾರರು ಒಂದು ಕ್ಯಾಮೆರಾ ಕೊಂಡರು. ಕೊರಳಿಗೆ ಹಾಕಿಕೊಂಡರೆ ಅವರ ಹೊಟ್ಟೆಯೇ ಕಾಣಿಸದಷ್ಟು ದೊಡ್ಡದು. ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ ಇನ್ನೂರು ಫೋಟೋ ತೆಗೆದರು. ಸರಿ ಬರಲಿಲ್ಲ. ಲೆನ್ಸು ಸಾಲದು ಅಂದುಕೊಂಡು ಎರಡನೆಯದು ತಂದರು. ಅದು ಎಷ್ಟು ಉದ್ದವಿತ್ತೆಂದರೆ ಅದರಲ್ಲಿ ತಾಯಿ ಕಾಣಬೇಕಾದರೆ ಮಗ ಅಂಗಳದ ಆಚೆ ತುದಿಗೆ ಹೋಗಿ ನಿಲ್ಲಬೇಕಾಗಿತ್ತು. ನೀಲಗಂಗವ್ವ ಅಲ್ಲಿಂದಲೇ ಕೂಗಿದ್ದಳು, “ಅಷ್ಟು ದೂರ ಯಾಕ ನಿಂತೀಯೋ ಅಂದಾನಿ? ಸಿಟ್ಟಾಗೀಯೇನು ನನ್ನ ಮ್ಯಾಲೆ?”

ಆ ಫೋಟೋಗಳಿದ್ದ ಮೆಮೊರಿ ಕಾರ್ಡ್ ಹಿಡಿದೇ ಈಗ ಅಂಗಡಿಗೆ ಬಂದದ್ದು.

“ತಂಗಿ, ಗುರುಪಾದ ಎಲ್ಲಿ?”

“ಮುಂಡರಗಿಗೆ ಮದುವಿ ಫೋಟೋಕ್ಕ ಹೋಗ್ಯಾರ್ರಿ ಸಾವ್ಕಾರ್ರ. ಏನಾಗಬೇಕಿತ್ರಿ?”

“ಇದ್ರಾಗಿನ್ವು ಒಂದರವತ್ತು ಹಾಕು. ಎರಡನೇ ಲೆನ್ಸಿನ್ವು. ಈ ಸಲ ಬಂದಾವ ಅನಸ್ತೈತಿ.” ಬಾಗಿಲವರೆಗೆ ಹೋದವರು ತಿರುಗಿ ನಿಂತರು. “ಬರದಿದ್ರ ಮೂರನೇದು ಹೇಳೀನಿ. ನಾಳೆ ಬರ್ತೈತಿ.”

ಮಹಾನಂದಾ ಪ್ರಿಂಟು ಹಾಕಿದಳು. ಎಷ್ಟು ಸ್ಪಷ್ಟ! ಸೆರಗಿನ ನೂಲು ಎಣಿಸಬಹುದು. ಹಣೆಯ ವಿಭೂತಿಯ ಮೂರು ಎಳೆ ಬೇರೆ ಬೇರೆ ಕಾಣುತ್ತವೆ. ಕನ್ನಡಕದ ಗಾಜಿನಲ್ಲಿ ಅಂಗಳದ ತುದಿಗೆ ನಿಂತ ಸಾಹುಕಾರರೂ ಇರುವೆಯಷ್ಟಾಗಿ ಕಾಣುತ್ತಾರೆ. ಆದರೆ ಮುಖ? ತುಟಿ ಬಿಗಿ, ಕಣ್ಣು ಬಿಗಿ, ಎರಡು ಕೈ ಎರಡು ಮೊಣಕಾಲ ಮೇಲೆ. ಪೊಲೀಸರು ಕರೆದು ಕೂರಿಸಿದ ಹಾಗೆ. ಒಂದಲ್ಲ, ಎರಡಲ್ಲ, ಅರವತ್ತೂ ಹಾಗೇ.

ಮರುದಿನ ಅವನ್ನು ಕೊಡಲು ಸಾಹುಕಾರರ ಮನೆಗೆ ಹೋದಳು. ಅಲ್ಲಿಂದ ಮುಂದೆ ಒಂದು ಪಿಂಚಣಿ ಫೋಟೋಕ್ಕೆ ಹೋಗುವುದಿತ್ತು, ಸಣ್ಣ ಕ್ಯಾಮೆರಾ ಕೈಚೀಲದಲ್ಲೇ ಇತ್ತು. ಸಾಹುಕಾರರು ಪೇಟೆಗೆ ಹೋಗಿದ್ದರು. ನೀಲಗಂಗವ್ವ ಪಡಸಾಲೆಯಲ್ಲಿ ಅಂಗಳದ ಕಡೆಗೆ ಮುಖ ಮಾಡಿ, ಕಾಲು ಚಾಚಿ ಕೂತು, ಮನೆ ಖರ್ಚಿನ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಫೋಟೋ ಕಣ್ಣ ಹತ್ತಿರ ಹಿಡಿದು ನೋಡಿದಳು.

“ಯಾರವ್ವಾ ಈಕಿ?”

“ನೀವ ಅಲ್ರೀ ಆಯಿ.”

“ನಾನಾ? ಏ ಬಿಡು. ನಾ ಇಷ್ಟು ಸಿಟ್ಟಿನಾಕಿ ಇದ್ದಿದ್ರ ನಮ್ಮತ್ತಿ ನನಗ ಅಂಜತಿದ್ಲು.”

ಮಹಾನಂದಾ ನಕ್ಕು ಕೆಳಗೆ ಕೂತಳು. ಕೂತವಳು ಸುಮ್ಮನೆ ಕೂರಲಿಲ್ಲ. ಬುಟ್ಟಿಯಿಂದ ಒಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡು ತಾನೂ ತೊಟ್ಟು ಮುರಿಯತೊಡಗಿದಳು. ಇದು ಅವಳು ಮನೆಮನೆ ತಿರುಗಿ ಕಲಿತದ್ದು. ಆಯುಷ್ಯವೆಲ್ಲ ದುಡಿದ ಕೈ ಖಾಲಿ ಕೂತರೆ ಮುಖ ಕಲ್ಲಾಗುತ್ತದೆ. ಕೈಗೆ ಕೆಲಸ ಕೊಡಿ, ಮುಖ ತಾನಾಗಿಯೇ ಸಡಿಲಾಗುತ್ತದೆ. ಒಬ್ಬ ಮುದುಕಿಯ ಜೊತೆ ಬೆಳ್ಳುಳ್ಳಿ ಬಿಡಿಸಿದಳು, ಇನ್ನೊಬ್ಬಳ ಜೊತೆ ಬತ್ತಿ ಹೊಸೆದಳು, ಆಮೇಲೆ ಕ್ಯಾಮೆರಾ ತೆಗೆದಳು. ಇದನ್ನು ಅವಳಿಗೆ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಇದೊಂದು ವಿದ್ಯೆ ಎಂದು ಅವಳಿಗೇ ಗೊತ್ತಿರಲಿಲ್ಲ.

“ನಿಮ್ಮತ್ತಿ ಭಾಳ ಜೋರಿದ್ರೇನ್ರಿ?”

“ಜೋರಂದ್ರ! ಬೆಲ್ಲದ ಗಡಿಗಿಗೆ ಬಟ್ಟಿ ಕಟ್ಟಿ, ಅದರ ಮ್ಯಾಲೆ ಕಲ್ಲಿಟ್ಟು, ಕಲ್ಲಿನ ಮ್ಯಾಲೆ ಕಣ್ಣಿಟ್ಟು ಕುಂದರತಿದ್ಲು. ಆದ್ರೂ ನಾ ತಿಂದೆ. ದಿನಾ ತಿಂದೆ. ಒಂದಿನ ಗಡಿಗಿ ತಳಾ ಕಾಣ್ತು. ಯಾರು ತಿಂದವ್ರು ಅಂದ್ಲು. ಬೆಕ್ಕರೀ ಅತ್ತಿ ಅಂದೆ. ಪಾಪ, ಬಡಿಗಿ ತಗೊಂಡು ಆ ಬೆಕ್ಕಿನ್ನ ಓಣಿ ತುಂಬ ಓಡಿಸ್ಯಾಡಿದ್ಲು.” ನೀಲಗಂಗವ್ವ ಮುಂದೆ ಬಾಗಿ, ಗುಟ್ಟು ಹೇಳುವ ಹಾಗೆ ದನಿ ಇಳಿಸಿದಳು. “ಬೆಕ್ಕು ಎಂದಾರ ಬೆಲ್ಲ ತಿಂತೈತೇನವ್ವಾ? ಅಷ್ಟೂ ತಿಳೀಲಿಲ್ಲ ನಮ್ಮತ್ತಿಗೆ!”

ಎಂದು ಹೇಳಿ ನಕ್ಕಳು ನೋಡಿ. ಹಲ್ಲಿಲ್ಲದ ಬಾಯಿ ಪೂರಾ ತೆರೆದು, ಮೆಣಸಿನಕಾಯಿ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿಯಲು ಹೋಗಿ, ಕನ್ನಡಕ ಮೂಗಿನ ತುದಿಗೆ ಜಾರಿ. ಎಪ್ಪತ್ತು ವರ್ಷದ ಹಿಂದಿನ ಕಳ್ಳಿ ಆ ಮುಖದಲ್ಲಿ ಹಾಗೇ ಎದ್ದು ಬಂದಳು. ಅಂಗಳದ ಬೆಳಕು ಒಂದು ಮಗ್ಗುಲಿಂದ ಬೀಳುತ್ತಿತ್ತು. ಮಹಾನಂದಾ ಕ್ಯಾಮೆರಾವನ್ನು ಕಣ್ಣಿಗೂ ಎತ್ತಲಿಲ್ಲ. ತೊಡೆಯ ಮೇಲಿಂದಲೇ ಒತ್ತಿದಳು.

“ಏನದು ಟಿಕ್ ಅಂತು?”

“ಏನಿಲ್ರೀ, ಪಿಂಚಣಿ ಕ್ಯಾಮೆರಾ.”

“ನನಗ ಪಿಂಚಣಿ ಬರೂದಿಲ್ಲ ಬಿಡವ್ವಾ. ಮಗಾ ಸಾವ್ಕಾರ ಅದಾನ.”

ಅಂಗಡಿಗೆ ಬಂದು ಅದನ್ನು ಅಂಗೈಯಷ್ಟು ದೊಡ್ಡದಾಗಿ ಪ್ರಿಂಟು ಹಾಕಿ ನೋಡಿದಳು. ಬಹಳ ಹೊತ್ತು ನೋಡಿದಳು. ಅಂಗಡಿಯ ಹಿಂದಿನ ಮನೆಯಿಂದ ಒಲೆಯ ಮೇಲಿನ ಅನ್ನ ತಳ ಹಿಡಿದ ವಾಸನೆ ಬಂತು, ಆದರೂ ನೋಡುತ್ತಿದ್ದಳು. ಇದನ್ನು ಗಂಡನಿಗೆ ತೋರಿಸಬೇಕು ಅನ್ನಿಸಿತು. ಮರುಕ್ಷಣವೇ ಬೇರೆ ಮಾತುಗಳು ಬಂದವು. ಯಾರು ತೆಗಿ ಅಂದಿದ್ದರು? ಸಾಹುಕಾರರು ಅಷ್ಟು ದೊಡ್ಡ ಕ್ಯಾಮೆರಾದಲ್ಲಿ ಒದ್ದಾಡುತ್ತಿರುವಾಗ ಈ ಆಟಿಕೆ ಸಾಮಾನು ಹಿಡಿದು ಹೋಗಿ ಅವರಿಗೆ ಅವಮಾನ ಮಾಡುವುದೇ? ಮರುದಿನ ಸಾಹುಕಾರರ ಆಳು ಮೂರನೆಯ ಲೆನ್ಸಿನ ಫೋಟೋಗಳ ಕಾರ್ಡ್ ತಂದು ಕೊಟ್ಟು ಹೋದ. ಅವುಗಳ ಪ್ರಿಂಟು ಹಾಕಿ, ಆ ಕಂತೆಯ ನಡುವೆ ಮಹಾನಂದಾ ತನ್ನದನ್ನೂ ಸದ್ದಿಲ್ಲದೆ ಸೇರಿಸಿಬಿಟ್ಟಳು. ಆಯಿಯ ನಗು ಆಯಿಯ ಮನೆ ಸೇರಿದರೆ ಸಾಕು, ತೆಗೆದವರು ಯಾರಾದರೇನು ಅಂದುಕೊಂಡಳು.

ಆಹಾ, ಎಂಥ ವಿನಯ! ಅಲ್ಲವೇ? ತಾಯಂದಿರೇ, ನೀವು ತಲೆ ಆಡಿಸುತ್ತಿದ್ದೀರಿ. ಆಡಿಸದೆ ಏನು ಮಾಡುತ್ತೀರಿ, ಎಲ್ಲರೂ ಇದನ್ನೇ ಮಾಡುವವರು. ಹೋಳಿಗೆ ಮೆತ್ತಗಾದರೆ “ಬೇಳೆ ಚಲೋ ಇತ್ತು” ಅನ್ನುತ್ತೀರಿ. ಗಟ್ಟಿಯಾದರೆ “ನನ್ನ ಕೈ ತಪ್ಪಿತು” ಅನ್ನುತ್ತೀರಿ. ಚಲೋ ಆದದ್ದು ಬೇಳೆಯದು, ಕೆಟ್ಟದ್ದು ನಿಮ್ಮದು. ಇದಕ್ಕೆ ವಿನಯ ಅಂತ ಹೆಸರು. ಈ ವಿನಯ ಮುಂದೆ ಏನು ಮಾಡಿತು ಕೇಳಿ.

ಸಾಹುಕಾರರು ಕಂತೆ ಬಿಚ್ಚಿದರು. ಮೂವತ್ತನೆಯದೋ ಮೂವತ್ತೊಂದನೆಯದೋ ಫೋಟೋಕ್ಕೆ ಬಂದರು. ಎದ್ದು ನಿಂತರು. “ಬಂತು!” ಎಂದು ಕೂಗಿದರು. ಮೂರನೆಯ ಲೆನ್ಸು ತನ್ನ ಗುಣ ತೋರಿಸಿತ್ತು. ಜೇಬಿನಲ್ಲಿಟ್ಟುಕೊಂಡು ಮಾರುಕಟ್ಟೆ ತುಂಬ ತಿರುಗಿದರು. ತೂಕ ನಡೆಯುತ್ತಿದ್ದಲ್ಲಿ ತೂಕ ನಿಲ್ಲಿಸಿ ತೋರಿಸಿದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಇದನ್ನು ಹೇಗೆ ತೆಗೆದಿರಿ ಎಂದು ಕೇಳಿದ್ದಕ್ಕೆ, “ಅದು ಹೇಳಿದ್ರ ತಿಳಿಯೂದಿಲ್ರಿ ಮಾಸ್ತರ, ಕೈಯಾಗ ಬರಬೇಕು” ಎಂದರು. ಸುಳ್ಳು ಹೇಳಿದರೇ? ಇಲ್ಲ. ನಾಲ್ಕು ನೂರು ಸಲ ಒತ್ತಿದವರಿಗೆ ಅದರಲ್ಲಿ ಯಾವುದು ತಮ್ಮದಲ್ಲ ಎಂದು ನೆನಪಿರುತ್ತದೆಯೇ?

ಮುಂಡರಗಿಯಿಂದ ಬಂದ ಗುರುಪಾದನಿಗೂ ಸಾಹುಕಾರರು ಅದನ್ನು ತೋರಿಸಿದರು. ಅವನು ಮನೆಗೆ ಬಂದವನು ಊಟಕ್ಕೆ ಕೂರುವ ಮೊದಲೇ ಶುರು ಮಾಡಿದ.

“ಏನ್ ಫೋಟೋ ಅಂತಿ ಮಾನಂದಾ! ಮುದುಕಿ ನಗೂದು ನನಗ ಕೇಳಿಸ್ತು. ಇಪ್ಪತ್ತು ವರ್ಷ ಆತು ಈ ಕಸಬು ಮಾಡಾಕತ್ತು, ಅಂಥಾದ್ದೊಂದು ನನ್ನ ಕೈಲೆ ಬಂದಿಲ್ಲ. ಎಲ್ಲಾ ಲೆನ್ಸಿನ ಮಹಿಮಾ.”

ಅವಳು ತಾಟು ಇಟ್ಟು ಸಾರು ಬಡಿಸತೊಡಗಿದಳು.

“ನಾನೂ ಅಂಥಾ ಲೆನ್ಸ್ ತರಾವ್ನ. ಪ್ರಿಂಟರ್ ಕೊಟ್ಟುಬಿಡೂಣು. ಪ್ರಿಂಟು ಏನು, ಗದಗಿನಾಗ ಹಾಕಿಸಿದ್ರಾತು. ರೋಣದವ್ರು ಒಬ್ರು ಕೇಳ್ಯಾರ, ಸೋಮವಾರ ಬಂದು ನೋಡ್ತಾರಂತ.”

ಸಾರಿನ ಸೌಟು ಅವಳ ಕೈಯಲ್ಲಿ ಹಾಗೇ ನಿಂತಿತು. ಪ್ರಿಂಟರು ಹೋದರೆ ಸ್ಟೂಲು ಹೋಗುತ್ತದೆ. ಸ್ಟೂಲು ಹೋದರೆ ಅಂಗಡಿಯಲ್ಲಿ ಅವಳಿಗೇನು ಕೆಲಸ? ಬರೀ ಕಸ ಹೊಡೆಯುವುದು. ನೋಡಿದಿರಾ? ಯಾರದಾದರೇನು ಎಂದು ಕಂತೆಯೊಳಗೆ ಸೇರಿಸಿದ ಒಂದು ಫೋಟೋ ತಿರುಗಿ ಬಂದು ಅವಳ ಜಾಗವನ್ನೇ ಕೇಳಿತು. ಹೇಳಿಬಿಡಬೇಕು, ಅದು ಲೆನ್ಸಲ್ಲ, ನಾನು ಎಂದು. ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿದಳು. ಶನಿವಾರವೂ ನುಂಗಿದಳು. ಭಾನುವಾರವೂ ನುಂಗಿದಳು.

ಈ ನಡುವೆ ಸಾಹುಕಾರರು ಆ ಫೋಟೋವನ್ನು ಗೋಡೆಗೆ ತಕ್ಕಂತೆ ದೊಡ್ಡದು ಮಾಡಲು ಹೇಳಿ ಕಳಿಸಿದ್ದರು. ಎರಡು ಅಡಿ ಅಗಲ, ಮೂರು ಅಡಿ ಉದ್ದ. ಪ್ರಿಂಟು ಹಾಕುವಾಗಲೇ ಮಹಾನಂದಾಳಿಗೆ ಗೊತ್ತಾಯಿತು. ಪಿಂಚಣಿ ಅರ್ಜಿಗೆ ಅಂಚೆಚೀಟಿಯಷ್ಟು ಫೋಟೋ ಸಾಕು, ಕಾರ್ಡಿನಲ್ಲಿ ಹೆಚ್ಚು ಹಿಡಿಯಲಿ ಎಂದು ಅವಳು ಆ ಸಣ್ಣ ಕ್ಯಾಮೆರಾವನ್ನು ಯಾವಾಗಲೂ ಎಲ್ಲಕ್ಕಿಂತ ಸಣ್ಣ ಅಳತೆಗೇ ಇಟ್ಟಿರುತ್ತಿದ್ದಳು. ಮೊದಲೇ ಸಣ್ಣ ಕ್ಯಾಮೆರಾ, ಅದರಲ್ಲಿ ಸಣ್ಣ ಅಳತೆ. ಅಂಗೈ ಮೇಲೆ ಮುತ್ತಿನಂತೆ ಕಂಡದ್ದು ಗೋಡೆಯಷ್ಟಾದಾಗ ಒಡೆದುಹೋಯಿತು. ಆದರೂ ಬಾಯಿ ಬಿಡದೆ ಹಾಗೇ ಸುರುಳಿ ಸುತ್ತಿ ಕಳಿಸಿದಳು.

ಸೋಮವಾರ. ರೋಣದಿಂದ ಬಂದವನು ಪ್ರಿಂಟರಿನ ಮುಚ್ಚಳ ಎತ್ತಿ ನೋಡುತ್ತಿದ್ದಾನೆ. ಮಹಾನಂದಾ ಪಕ್ಕದಲ್ಲಿ ಬಟ್ಟೆ ಹಿಡಿದು, ಧೂಳಿಲ್ಲದ ಜಾಗವನ್ನೇ ಒರೆಸುತ್ತಿದ್ದಾಳೆ. ಅಷ್ಟರಲ್ಲಿ ಸುರುಳಿ ಹಿಡಿದು ಸಾಹುಕಾರರು ಬಂದರು.

“ಏ ಗುರುಪಾದ, ಏನೋ ಇದು? ದೂರ ನಿಂತ್ರ ಅವ್ವ ಕಾಣ್ತಾಳ, ಹತ್ರ ಹೋದ್ರ ಬರೇ ರವಾ! ಉಪ್ಪಿಟ್ಟು ಮಾಡಾಕ ಚೆಲ್ಲಿಧಂಗ ಐತಿ!”

ಗುರುಪಾದ ನೋಡಿದ. “ಪ್ರಿಂಟರಿಂದು ತಪ್ಪು ನೋಡ್ರಿ ಸಾವ್ಕಾರ್ರ. ವಯಸ್ಸಾಗೈತಿ ಅದಕ್ಕ. ಅದಕ್ಕ ಅಂತನ ಮಾರಾಕತ್ತೀನಿ.”

“ಹಂಗನ್ನು ಮತ್ತ! ನನ್ನ ಲೆನ್ಸಿನಾಗ ತಪ್ಪಿರಾಕ ಸಾಧ್ಯನ ಇಲ್ಲ.”

ರೋಣದವನು ಮೆಲ್ಲನೆ ಮುಚ್ಚಳ ಇಳಿಸಿದ. “ವಯಸ್ಸಾಗೈತೇನ್ರಿ? ಫೋನಿನಾಗ ಹೊಸಾದು ಇದ್ಧಂಗ ಐತಿ ಅಂದಿದ್ರಲ್ಲ.”

ನಿಮಗೆ ನಗು ಬಂತು, ಆದರೆ ಮಹಾನಂದಾ ನಗುವ ಸ್ಥಿತಿಯಲ್ಲಿರಲಿಲ್ಲ. ತನ್ನ ಮೇಲೆ ಯಾರು ಏನಂದರೂ ನುಂಗುವವಳು ಅವಳು. ಆದರೆ ಹನ್ನೊಂದು ವರ್ಷ ಒಂದು ಗೆರೆ ತಪ್ಪದೆ ದುಡಿದ ಆ ಬಾಯಿಲ್ಲದ ಪ್ರಿಂಟರಿನ ಮೇಲೆ ಮೂವರು ಗಂಡಸರು ನಿಂತು ಹೊರೆಸುತ್ತಿದ್ದ ಅಪವಾದ ಅವಳಿಂದ ನುಂಗಲಾಗಲಿಲ್ಲ.

“ಮಷೀನಿಗೆ ಅನಬ್ಯಾಡ್ರಿ.”

ಮೂವರೂ ತಿರುಗಿದರು.

“ಮಷೀನಿಂದೇನೂ ತಪ್ಪಿಲ್ಲ. ಫೋಟೋನ ಸಣ್ಣದೈತಿ. ಅದು ನಿಮ್ಮ ಲೆನ್ಸಿಂದಲ್ರಿ ಸಾವ್ಕಾರ್ರ.” ಕೈಚೀಲದಿಂದ ರಬ್ಬರ್ ಬ್ಯಾಂಡಿನ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು. “ಇದರದು. ನಾ ತಗದದ್ದು. ನಾನ ನಿಮ್ಮ ಕಂತಿಯೊಳಗ ಸೇರಿಸಿದ್ದೆ. ತಪ್ಪಾತ್ರಿ.”

ಸಾಹುಕಾರರು ಅದನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದರು.

“ಈ ಸಾಬೂನ ಡಬ್ಬ್ಯಾಗ? ಅಲ್ಲ ತಂಗಿ, ನಾ ಇಡೀ ಪ್ಯಾಟಿಗೆ ತೋರಿಸಿ ಬಂದೀನಲ್ಲ! ಹೆಡ್‌ಮಾಸ್ತರಗ ಪಾಠ ಬ್ಯಾರೆ ಹೇಳೀನಿ!” ಸ್ವಲ್ಪ ಹೊತ್ತು ಅವರ ಮುಖ ಕೆಂಪಾಗಿಯೇ ಇತ್ತು. “ನಾ ನಂಬೂದಿಲ್ಲ. ನಡೀರಿ, ಅವ್ವನ್ನ ಕೇಳೂಣು.”

ರೋಣದವನು ರೋಣದ ಬಸ್ಸು ಹಿಡಿದ. ಉಳಿದ ಮೂವರು ಸಾಹುಕಾರರ ಮನೆಗೆ ಬಂದರು. ನೀಲಗಂಗವ್ವ ಅದೇ ಪಡಸಾಲೆಯಲ್ಲಿ, ಹೊಸದೊಂದು ಬುಟ್ಟಿ ಮೆಣಸಿನಕಾಯಿಯ ಮುಂದೆ ಕೂತಿದ್ದಳು.

“ಯವ್ವಾ, ಆ ನಗೂ ಫೋಟೋ ಯಾರು ತಗದದ್ದು?”

“ಇಕಿನ ಅಲ್ಲೇನು ತಗದಾಕಿ. ಟಿಕ್ ಅಂದಿತ್ತು, ನನಗ ಆವಾಗ್ಲೇ ಗೊತ್ತಾಗಿತ್ತು.”

“ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲ ನೀ?”

“ನೀ ಓಣಿ ತುಂಬ ಹೇಳ್ಕೋತ ಹೊಂಟಿದ್ದೆಲ್ಲೋ, ನಾ ತಗದೆ, ನಾ ತಗದೆ ಅಂತ. ಸಣ್ಣಾಂವಿದ್ದಾಗಿಂದ ನಿನ್ನ ಅಷ್ಟು ಖುಷಿಲೆ ನೋಡಿದ್ದಿಲ್ಲ. ಕೆಡಸೂದ್ಯಾಕ ಅಂತ ಸುಮ್ಮನಿದ್ದೆ.”

ಮೊದಲು ಗುರುಪಾದ ನಕ್ಕ. ಆಮೇಲೆ ಸಾಹುಕಾರರೂ ನಕ್ಕರು. ನಕ್ಕು, ಒಳಗೆ ಹೋಗಿ, ದೊಡ್ಡ ಕ್ಯಾಮೆರಾವನ್ನೂ ಮೂರು ಲೆನ್ಸುಗಳನ್ನೂ ಮಗುವನ್ನು ಎತ್ತಿ ತರುವ ಹಾಗೆ ತಂದು ಮಹಾನಂದಾಳ ಮುಂದಿಟ್ಟರು.

“ಹಂಗಾರ ಇದ್ರಾಗ ತಗಿ. ಯಾವ ಲೆನ್ಸ್ ಹಾಕ್ಲಿ?”

ಅಷ್ಟು ಭಾರದ ಕ್ಯಾಮೆರಾವನ್ನು ಅವಳು ಅಂಗಡಿಯಲ್ಲಿ ಒರೆಸಿ ಇಟ್ಟಿದ್ದಳು, ಕಣ್ಣಿಗೆ ಹಿಡಿದಿರಲಿಲ್ಲ. ಆದರೆ ಅರಿಯದವಳಲ್ಲ. ಇಪ್ಪತ್ತು ವರ್ಷ ಪ್ರಿಂಟು ನೋಡಿದ ಕಣ್ಣು.

“ಹೊತ್ತು ಇಳದೈತ್ರಿ, ಇಲ್ಲಿ ಬೆಳಕು ಕಡಿಮಿ. ಬೆಳಕು ಜಾಸ್ತಿ ಹಿಡಿಯೂ ಅಂಥಾದ್ದು ಯಾವುದೈತಿ ಅದನ್ನ ಹಾಕ್ರಿ. ಆ ಮೂರನೇದ ಇರಬೇಕು.” ಆಮೇಲೆ ಸೆರಗು ಸಿಕ್ಕಿಸಿಕೊಂಡು ಹೇಳಿದಳು, “ನೀವು ಆಯಿ ಬಾಜೂಕ ಕುಂದರ್ರಿ.”

“ನಾನಾ? ನಾ ಯಾಕ?”

“ಕುಂದರ್ರಿ ಅಂದೆ. ಆ ಮೆಣಸಿನಕಾಯಿ ತಗೋರಿ. ತೊಟ್ಟು ಮುರೀರಿ.”

ಲಾರಿಗಟ್ಟಲೆ ಮೆಣಸಿನಕಾಯಿ ಮಾರುವವರು, ವಾಸನೆಯ ಮೇಲೆಯೇ ಇದು ಯಾವ ಊರಿನ ಹೊಲದ್ದು ಎಂದು ಹೇಳುವವರು, ಒಂದು ತೊಟ್ಟು ಮುರಿಯಲು ಹೋಗಿ ಕಾಯಿಯನ್ನೇ ನಡುವೆ ಮುರಿದರು. ಬೀಜ ಚೆಲ್ಲಾಡಿದವು.

“ಅಯ್ಯ ನನ್ನ ಸಾವ್ಕಾರ! ತೊಟ್ಟು ಯಾವ್ದು ತುದಿ ಯಾವ್ದು ಗೊತ್ತಾಗವಲ್ದೇನೋ! ಹಿಂಗ ಹಿಡಿ. ಹಿಂಗ, ಹಿಂಗ.”

ಎರಡನೆಯದೂ ಮುರಿಯಿತು. ಮೂರನೆಯದರ ಹೊತ್ತಿಗೆ ಸಾಹುಕಾರರು ಮರೆತು ಕಣ್ಣು ಉಜ್ಜಿಕೊಂಡರು. ಆಮೇಲೆ ಕೇಳಬೇಕೇ? ಒಂದು ಸೀನು, ಎರಡು ಸೀನು, ಕಣ್ಣಲ್ಲಿ ಧಾರೆ. “ಯವ್ವಾ, ಉರೀತೈತಿ!” ನೀಲಗಂಗವ್ವ ನಗುತ್ತಲೇ ಸೆರಗಿನ ತುದಿಯನ್ನು ನೀರಿನ ತಂಬಿಗೆಗೆ ಅದ್ದಿ, ಅರವತ್ತು ವರ್ಷದ ಮಗನ ಗದ್ದ ಹಿಡಿದು ಕಣ್ಣು ಒರೆಸತೊಡಗಿದಳು. ಒರೆಸುತ್ತಾಳೆ, ನಗುತ್ತಾಳೆ, ನಗುತ್ತಾಳೆ, ಒರೆಸುತ್ತಾಳೆ. ಇತ್ತ ಕ್ಯಾಮೆರಾ ತನ್ನ ಕೆಲಸ ಮಾಡುತ್ತಿತ್ತು. ಅದರತ್ತ ಯಾರೂ ನೋಡಲಿಲ್ಲ.

ಆ ಸಂಜೆಯೇ ಪ್ರಿಂಟು ಬಂತು. ಎರಡು ಅಡಿ ಅಗಲ, ಮೂರು ಅಡಿ ಉದ್ದ. ಮೂಗು ತಾಗಿಸಿ ನೋಡಿದರೂ ರವೆ ಇಲ್ಲ. ಮುದುಕಿಯ ಕೆನ್ನೆಯ ಒಂದೊಂದು ಸುಕ್ಕೂ ನಗುತ್ತಿತ್ತು. ಸೆರಗಿನ ಮೇಲೆ ಕೂತ ಒಂದು ಮೆಣಸಿನಕಾಯಿ ಬೀಜವೂ ಕಾಣುತ್ತಿತ್ತು. ಕಟ್ಟು ಹಾಕುವ ಮುಂಚೆ ಒಮ್ಮೆ ಮನೆಗೆ ಒಯ್ದು ತೋರಿಸಿದರೆ ನೀಲಗಂಗವ್ವ ನೋಡಿ ಹೇಳಿದಳು, “ಹಾಂ, ಇಕಿ ನಾನು.”

ಗುರುಪಾದ ಅಂಗಡಿಗೆ ಮರಳಿ ಬಂದ. ಪ್ರಿಂಟರಿನ ಮುಂದೆ ನಿಂತು, ರೋಣದವನು ಅರ್ಧ ಬಿಚ್ಚಿಟ್ಟು ಹೋಗಿದ್ದ ತಿರುಪನ್ನು ತಾನೇ ಬಿಗಿ ಮಾಡಿದ.

ಈಗ ಹೇಳಿ, ಯಾವ ಕ್ಯಾಮೆರಾ ಗೆದ್ದಿತು? ಸಣ್ಣದು ಎಂದು ಕೂಗಬೇಕು ಅಂತ ಕೆಲವರು ಬಾಯಿ ತೆರೆದಿದ್ದೀರಿ. ತಡೆಯಿರಿ. ಸಣ್ಣದು ಗೋಡೆಯ ಮೇಲೆ ಸೋತಿತು. ಹಾಗಾದರೆ ದೊಡ್ಡದು? ದೊಡ್ಡದು ನಾಲ್ಕು ನೂರು ಸಲ ಸೋತಿತ್ತು. ದೊಡ್ಡ ಕ್ಯಾಮೆರಾ ನಿಜವಾಗಿಯೂ ದೊಡ್ಡದೇ. ಕಡಿಮೆ ಬೆಳಕಿನಲ್ಲಿ ಅದು ಕಂಡದ್ದು ಸಣ್ಣದಕ್ಕೆ ಕಾಣುವುದಿಲ್ಲ. ಅದು ಬೇಡ, ಹಾಳು ಹಣ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಯಾವ ಲೆನ್ಸೂ ತಾಯಿಯ ಪಕ್ಕದಲ್ಲಿ ತಾನೇ ಹೋಗಿ ಕೂರುವುದಿಲ್ಲ. ಅದು ಕೂತವರ ನಗುವನ್ನು ಹಿಡಿಯುತ್ತದೆ, ಅಷ್ಟೇ. ಕೂರುವುದು ಯಾರ ಕೆಲಸ?

ಅಣ್ಣಂದಿರೇ, ನಿಮ್ಮದು. ತಾಯಿಗೆ ಕಾಲು ಒತ್ತುವ ಯಂತ್ರ ತಂದಿದ್ದೀರಿ. ಮಗಳಿಗೆ ಗೇರಿನ ಸೈಕಲ್ ತಂದಿದ್ದೀರಿ. ಹೆಂಡತಿಗೆ ಮೂರು ಜಾರಿನ ಮಿಕ್ಸರ್ ತಂದಿದ್ದೀರಿ. ತಂದು, ಅಂಗಳದ ಆಚೆ ತುದಿಗೆ ಹೋಗಿ ನಿಂತಿದ್ದೀರಿ. ಅವರು ನಗಲಿಲ್ಲ ಎಂದು ಇನ್ನೂ ದೊಡ್ಡದನ್ನು ತರಲು ಹೊರಟಿದ್ದೀರಿ. ನಾಳೆ ಬೆಳಿಗ್ಗೆ ಹೊಸದೇನೂ ತರಬೇಡಿ. ಮನೆಯಲ್ಲಿ ಯಾರ ಕೈಯಲ್ಲಿ ಯಾವ ಕೆಲಸವಿದೆಯೋ ಅದರಲ್ಲಿ ಅರ್ಧ ಎಳೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಕಾಲು ಗಂಟೆ. ಕೆಲಸ ಕೆಡುತ್ತದೆ, ಕೆಡಲಿ. ನಗುತ್ತಾರೆ, ನಗಲಿ. ಮೆಣಸಿನಕಾಯಿಯಾದರೆ ಮಾತ್ರ ಕಣ್ಣು ಮುಟ್ಟಿಕೊಳ್ಳಬೇಡಿ.

ತಾಯಂದಿರೇ, ನಿಮಗೆ ಇದಕ್ಕಿಂತ ಕಷ್ಟದ ಕೆಲಸ. ನಿಮ್ಮ ಕೈಯಲ್ಲಿರುವುದು ಸಣ್ಣ ಡಬ್ಬಿ, ಅದಕ್ಕೆ ರಬ್ಬರ್ ಬ್ಯಾಂಡು. ಹೌದು. ಆದರೆ ಅದರಲ್ಲಿ ಬಂದದ್ದನ್ನು ಇನ್ನೊಬ್ಬರ ಕಂತೆಯೊಳಗೆ ಸೇರಿಸಬೇಡಿ. ಗರ್ವ ಪಡಿ ಎಂದಲ್ಲ. ಗರ್ವ ಬೇರೆ, ನಿಜ ಬೇರೆ. ಮಹಾನಂದಾಳ ಆ ವಿನಯ ಎಷ್ಟು ಜನರಿಗೆ ಮೋಸ ಮಾಡಿತು ನೋಡಿ. ಸಾಹುಕಾರರು ಊರೆಲ್ಲ ಸುಳ್ಳು ಹೇಳುವಂತಾಯಿತು. ಗಂಡ ಮನೆಯ ದುಡಿಯುವ ಯಂತ್ರವನ್ನು ಮಾರಲು ಹೊರಟ. ನಾಳೆ ಯಾರಾದರೂ “ಇದು ಚಲೋ ಆಗೈತಿ, ಯಾರು ಮಾಡಿದ್ದು?” ಎಂದು ಕೇಳಿದರೆ ಬೇಳೆಯ ಹೆಸರು ಹೇಳಬೇಡಿ, ಒಲೆಯ ಹೆಸರು ಹೇಳಬೇಡಿ. “ನಾನು” ಅನ್ನಿ. ಅಷ್ಟು ಹೇಳಿ ನಿಲ್ಲಿಸಿ. ಹಿಂದಿನಿಂದ “ಏನೋ ಆತು ಬಿಡ್ರಿ” ಎಂದು ಸೇರಿಸಬೇಡಿ.

ಆಗುವುದಿಲ್ಲ ಅನ್ನುತ್ತೀರಾ? ಮಹಾನಂದಾಳಿಗೂ ಸುಲಭವಾಗಿರಲಿಲ್ಲ. ಅವತ್ತು ಅಂಗಡಿಯ ಬಾಗಿಲು ಹಾಕುವ ಮೊದಲು ಅವಳು ಆ ದೊಡ್ಡ ಫೋಟೋಕ್ಕೆ ಕಟ್ಟು ಹಾಕಲು ಕೂತಿದ್ದಳು. ಅವರ ಸ್ಟುಡಿಯೋದಲ್ಲಿ ಒಂದು ಪದ್ಧತಿ. ಕಟ್ಟು ಹಾಕುವ ಮುಂಚೆ ಫೋಟೋದ ಬಲ ಮೂಲೆಯಲ್ಲಿ, ಕೆಳಗೆ, ಬಿಳಿ ಮಸಿಯಿಂದ ಸಣ್ಣದಾಗಿ ತೆಗೆದವರ ಹೆಸರು ಬರೆಯುವುದು. ಇಪ್ಪತ್ತು ವರ್ಷದಿಂದ ಅಲ್ಲಿ ಗುರುಪಾದ ಎಂದು ಬರೆದದ್ದು ಅವಳ ಕೈಯೇ. ಅಕ್ಷರ ದುಂಡಗಿವೆ ಎಂದು ಅವನೇ ಅವಳಿಗೆ ವಹಿಸಿದ್ದ. ಕಣ್ಣು ಮುಚ್ಚಿಕೊಂಡರೂ ಕೈ ಆ ಹೆಸರನ್ನು ಬರೆದುಬಿಡುತ್ತದೆ.

“ಆತೇನು ಮಾನಂದಾ?” ಹೊರಗೆ ಬೋರ್ಡಿನ ದೀಪ ಆರಿಸುತ್ತ ಗುರುಪಾದ ಕೇಳಿದ.

“ಇನ್ನೊಂದೀಟು ಐತ್ರಿ.”

ಅವಳು ಪೆನ್ನು ಹಿಡಿದು ಆ ಮೂಲೆಯನ್ನು ನೋಡುತ್ತ ಕೂತಳು. ಆಮೇಲೆ ನಿಶ್ಚಯಿಸಿದಳು. ಗಂಡನಿಗೆ ಹೇಳಲಿಲ್ಲ, ಕೇಳಲಿಲ್ಲ. ನಾಳೆ ಸಾಹುಕಾರರ ಪಡಸಾಲೆಯಲ್ಲಿ ಎಲ್ಲರೂ ಓದುತ್ತಾರೆ, ಓದಲಿ ಅಂದುಕೊಂಡಳು. ಮಸಿ ಇಳಿಯಲೆಂದು ಪೆನ್ನನ್ನು ಒಮ್ಮೆ ಕೊಡವಿ, ದುಂಡಗೆ, ನಿಧಾನವಾಗಿ, ತನ್ನ ಹೆಸರಿನ ಮೊದಲ ಅಕ್ಷರ ಬರೆದಳು.